ಸಣ್ಣ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ, ಆಣ್ವಿಕ ಜೀವಶಾಸ್ತ್ರ ಓದುವುದು: ತಿಳಿದವರ ಅಭಿಪ್ರಾಯ ಬೇಕಾಗಿದೆ

ಘಟಪ್ರಭಾ ದಂಡೆ (ಮುಧೋಳ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ವರ್ಷ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾಳೆ. ನೀಟ್‌ನಲ್ಲಿ ಸರಕಾರಿ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಅದಕ್ಕಾಗಿ ಇನ್ನೊಂದು ವರ್ಷ ಕೋಚಿಂಗಿಗೆ ಕೂರಲು ಅವಳಿಗೂ ಮನಸ್ಸಿಲ್ಲ. ಬಿ.ಎಸ್ಸಿ.ಯಲ್ಲಿ ಬಯೊಕೆಮಿಸ್ಟ್ರಿ ತೆಗೆದುಕೊಂಡು ಮುಂದೆ ಸಂಶೋಧನೆಯ ಕಡೆಗೆ ಹೋಗಬೇಕೆಂಬುದು ಅವಳ ಆಸೆ. ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರಬಹುದಾದ ಒಂದು ಸಣ್ಣ ಕಾಲೇಜಿನಲ್ಲಿ ಈ ವಿಷಯವಿದೆ. ತರಗತಿಯಲ್ಲಿ ಇಪ್ಪತ್ತು ಮಕ್ಕಳೂ ಇರುವುದಿಲ್ಲವಂತೆ. ಪ್ರಯೋಗಾಲಯ ನೋಡಿ ಬಂದೆ: ಕಲರಿಮೀಟರ್ (ದ್ರಾವಣದ ಬಣ್ಣದ ಗಾಢತೆ ಅಳೆಯುವ ಉಪಕರಣ), ವಾಟರ್ ಬಾತ್, ಸಣ್ಣ ಸೆಂಟ್ರಿಫ್ಯೂಜ್ ಇವೆ. ಡಿಎನ್‌ಎ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುವ ಪಿಸಿಆರ್ ಯಂತ್ರವೊಂದು ಬಟ್ಟೆ ಹೊದ್ದು ಕೂತಿದೆ, ಅದು ನಡೆದದ್ದನ್ನು ಈಗಿನ ವಿದ್ಯಾರ್ಥಿಗಳು ನೋಡಿಲ್ಲ. ಧಾರವಾಡಕ್ಕೋ ಬೆಳಗಾವಿಗೋ ಕಳುಹಿಸಿದರೆ ಹಾಸ್ಟೆಲ್ಲಿನ ಖರ್ಚು ನಮಗೆ ಭಾರವಾಗುತ್ತದೆ, ಆದರೂ ಅಗತ್ಯವಿದ್ದರೆ ಹೊರಲು ಸಿದ್ಧನಿದ್ದೇನೆ. ಇಂಥ ಸಣ್ಣ ಕಾಲೇಜಿನಲ್ಲಿ ಓದಿದರೆ ಮುಂದೆ ಹಿಂದೆ ಬೀಳುತ್ತಾಳೆಯೇ? ಈ ವಿಷಯವನ್ನು ಓದಿದವರು, ಕಲಿಸಿದವರು ದಯವಿಟ್ಟು ತಿಳಿಸಬೇಕು.

ಬಾರಾಕಮಾನ್ (ವಿಜಯಪುರ, ನಿವೃತ್ತ ಉಪನ್ಯಾಸಕ)

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳು ಕೂಡಿಕೊಂಡಿವೆ. ಅವುಗಳಿಗೆ ಒಂದೇ ಉತ್ತರ ಸಾಲದು. ಜೀವರಸಾಯನಶಾಸ್ತ್ರದ ಮಟ್ಟಿಗೆ ಸಣ್ಣ ಕಾಲೇಜು ಕೊರತೆಯಲ್ಲ, ಎಷ್ಟೋ ಸಲ ಅನುಕೂಲವೇ. ಆಣ್ವಿಕ ಜೀವಶಾಸ್ತ್ರದ ಮಾತು ಬೇರೆ, ಅದನ್ನು ಆ ಕ್ಷೇತ್ರದಲ್ಲಿ ಈಗ ಕೆಲಸ ಮಾಡುವವರು ಹೇಳಲಿ.

ಪದವಿ ಮಟ್ಟದ ಬಯೊಕೆಮಿಸ್ಟ್ರಿ ಪ್ರಯೋಗಗಳ ವಯಸ್ಸನ್ನು ಗಮನಿಸಿ. ಪ್ರೋಟೀನ್ ಅಳೆಯುವ ಲೌರಿ ವಿಧಾನ 1951ರದು, ಬ್ರಾಡ್‌ಫರ್ಡ್ ವಿಧಾನ 1976ರದು. ಸಕ್ಕರೆ ಅಳೆಯುವ ಡಿಎನ್‌ಎಸ್ ವಿಧಾನವೂ ಹಳೆಯದೇ. ಬೆನೆಡಿಕ್ಟ್, ಸೆಲಿವನಾಫ್, ಬೈಯುರೆಟ್, ನಿನ್‌ಹೈಡ್ರಿನ್ ಪರೀಕ್ಷೆಗಳಿಗೆ ಪ್ರನಾಳ ಮತ್ತು ಕುದಿಯುವ ನೀರು ಸಾಕು. ಉಳಿದ ಬಹುಪಾಲು ಅಳತೆಗಳು ಕಲರಿಮೀಟರಿನಲ್ಲಿ ಆಗುತ್ತವೆ. ಹೀಗಿರುವಾಗ ಉಪಕರಣಗಳ ಪಟ್ಟಿಗಿಂತ ಮುಖ್ಯವಾದ ಪ್ರಶ್ನೆಯೆಂದರೆ ಪಿಪೆಟ್ ಯಾರ ಕೈಯಲ್ಲಿರುತ್ತದೆ ಎಂಬುದು. ದೊಡ್ಡ ಕಾಲೇಜಿನ ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ಕೈದು ಜನರ ತಂಡ ಕಟ್ಟುತ್ತಾರೆ. ಚುರುಕಾದವನೊಬ್ಬ ಪ್ರಯೋಗ ಮಾಡುತ್ತಾನೆ, ಉಳಿದವರು ಅವನ ಅಂಕಿಗಳನ್ನು ರೆಕಾರ್ಡಿಗೆ ಇಳಿಸಿಕೊಳ್ಳುತ್ತಾರೆ. ಹದಿನೈದು ಮಕ್ಕಳ ತರಗತಿಯಲ್ಲಿ, ಕಲಿಸುವವರಿಗೆ ಮನಸ್ಸಿದ್ದರೆ, ಪ್ರತಿಯೊಬ್ಬರೂ ತಮ್ಮದೇ ಸ್ಟ್ಯಾಂಡರ್ಡ್ ರೇಖೆಯನ್ನು (ಗೊತ್ತಿರುವ ಸಾಂದ್ರತೆಗಳಿಗೆ ಬಂದ ಅಳತೆಗಳ ಗ್ರಾಫನ್ನು) ಎಳೆಯಬಹುದು. ಆ ರೇಖೆ ಏಕೆ ನೇರವಾಗಿ ಬರಲಿಲ್ಲ, ಮೇಲಿನ ತುದಿಯಲ್ಲಿ ಏಕೆ ಬಾಗಿತು, ಬ್ಲ್ಯಾಂಕ್ ಎಂದರೇನು ಎಂಬುದೆಲ್ಲ ಸ್ವಂತ ಕೈಯಿಂದ ಮಾಡಿದವರಿಗೆ ಮಾತ್ರ ಕಾಡುವ ಪ್ರಶ್ನೆಗಳು.

ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ನಿಮ್ಮ ಮುಧೋಳದ ಕಬ್ಬಿನ ಸೀಮೆಗೇ ಸೇರಿದ್ದು. ಕಿಣ್ವಗಳ ವೇಗದ ಬಗ್ಗೆ ಎಲ್ಲ ಪಠ್ಯಗಳಲ್ಲಿಯೂ ಬರುವ ಮಿಖೇಲಿಸ್–ಮೆಂಟೆನ್ ಸಮೀಕರಣ 1913ರಲ್ಲಿ ಬರ್ಲಿನ್ನಿನಿಂದ ಪ್ರಕಟವಾಯಿತು. ಲಿಯೋನೋರ್ ಮಿಖೇಲಿಸ್ ಮತ್ತು ಕೆನಡಾದಿಂದ ಬಂದಿದ್ದ ಮಾಡ್ ಮೆಂಟೆನ್ ಎಂಬ ವೈದ್ಯೆ ಅದಕ್ಕಾಗಿ ಆಯ್ದುಕೊಂಡದ್ದು ಇನ್ವರ್ಟೇಸ್ ಎಂಬ ಯೀಸ್ಟಿನ ಕಿಣ್ವವನ್ನು. ಇದು ಸುಕ್ರೋಸನ್ನು, ಅಂದರೆ ನಮ್ಮ ಸಕ್ಕರೆಯನ್ನು, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅವರು ಬಳಸಿದ ಮುಖ್ಯ ಉಪಕರಣ ಪೋಲಾರಿಮೀಟರ್. ಸುಕ್ರೋಸ್ ದ್ರಾವಣ ಬೆಳಕಿನ ಧ್ರುವೀಕರಣದ ತಲವನ್ನು ಬಲಕ್ಕೆ ತಿರುಗಿಸುತ್ತದೆ, ಒಡೆದ ಮೇಲೆ ಮಿಶ್ರಣ ಎಡಕ್ಕೆ ತಿರುಗಿಸುತ್ತದೆ. ಆ ಬದಲಾವಣೆಯನ್ನು ಅಳೆದೇ ಅವರು ವೇಗವನ್ನು ಕಂಡುಕೊಂಡರು.

ಈ ಪ್ರಯೋಗವನ್ನು ಯಾವ ಕಾಲೇಜಿನಲ್ಲಿಯೂ ಮಾಡಬಹುದು. ಬೇಕರಿಗೆ ಬಳಸುವ ಯೀಸ್ಟನ್ನು ನೀರಿನಲ್ಲಿ ಕದಡಿ ಸೋಸಿದರೆ ಕಿಣ್ವದ ಕಚ್ಚಾ ದ್ರಾವಣ ಸಿದ್ಧ. ಪಿಎಚ್ 4.5ರ ಆಸುಪಾಸಿನ ಅಸಿಟೇಟ್ ಬಫರ್ (ಪಿಎಚ್ ಏರುಪೇರಾಗದಂತೆ ಹಿಡಿದಿಡುವ ದ್ರಾವಣ), ಅಂಗಡಿಯ ಸಕ್ಕರೆ, ಡಿಎನ್‌ಎಸ್ ಕಾರಕ, 540 ನ್ಯಾನೋಮೀಟರ್ ಫಿಲ್ಟರ್ ಇದ್ದರಾಯಿತು. ಸುಕ್ರೋಸ್ ಅಪಕರ್ಷಕ ಸಕ್ಕರೆಯಲ್ಲವಾದ್ದರಿಂದ ಡಿಎನ್‌ಎಸ್ ಜೊತೆ ಬಣ್ಣ ಕೊಡುವುದಿಲ್ಲ, ಒಡೆದು ಬಂದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೊಡುತ್ತವೆ. ಕಾರಕವು ಕ್ಷಾರೀಯವಾಗಿರುವುದರಿಂದ ಅದನ್ನು ಸೇರಿಸಿದ ಕ್ಷಣದಲ್ಲಿಯೇ ಕಿಣ್ವದ ಕೆಲಸವೂ ನಿಲ್ಲುತ್ತದೆ. ಕುದಿಸಿದ ಕಿಣ್ವವನ್ನು ಹಾಕಿದ ಒಂದು ಪ್ರನಾಳವನ್ನು ಜೊತೆಗೆ ಇಡಲೇಬೇಕು. ಹಲವು ಸಾಂದ್ರತೆಗಳ ಸಕ್ಕರೆಯಲ್ಲಿ ವೇಗವನ್ನು ಅಳೆದು ಗ್ರಾಫ್ ಎಳೆದ ವಿದ್ಯಾರ್ಥಿಗೆ ಕೆಎಂ (ಗರಿಷ್ಠ ವೇಗದ ಅರ್ಧದಷ್ಟು ವೇಗ ಬರುವ ಸಕ್ಕರೆಯ ಸಾಂದ್ರತೆ) ಎಂಬುದು ಪರೀಕ್ಷೆಗೆ ಬಾಯಿಪಾಠ ಮಾಡುವ ವ್ಯಾಖ್ಯೆಯಾಗಿ ಉಳಿಯುವುದಿಲ್ಲ. ನಿಮ್ಮ ತಂಗಿ ಸೇರಬೇಕೆಂದಿರುವ ಕಾಲೇಜಿನಲ್ಲಿ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕಗಳನ್ನು ಕೇಳಿ ನೋಡಿರಿ. ಎಲ್ಲರ ಅಂಕಿಗಳೂ ಒಂದೇ ಆಗಿದ್ದರೆ ಅಲ್ಲಿ ಪ್ರಯೋಗ ನಡೆಯುತ್ತಿಲ್ಲವೆಂದು ತಿಳಿಯಿರಿ. ಬೇರೆ ಬೇರೆಯಾಗಿದ್ದು, ಅಲ್ಲಲ್ಲಿ ಕೆಟ್ಟದಾಗಿಯೂ ಇದ್ದರೆ ಧೈರ್ಯವಾಗಿ ಸೇರಿಸಿ.

ಪಿಪೆಟ್ (ಬಾಗಲಕೋಟೆ ಜಿಲ್ಲೆ, ಸದ್ಯ ಬೆಂಗಳೂರಿನಲ್ಲಿ ಸಂಶೋಧನಾ ವಿದ್ಯಾರ್ಥಿನಿ)

ಬಾರಾಕಮಾನ್ ಸರ್ ಹೇಳಿದ ಮೊದಲ ಭಾಗವನ್ನು ಒಪ್ಪುತ್ತೇನೆ. ನಾನೂ ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಕಾಲೇಜಿನಲ್ಲಿಯೇ ಬಿ.ಎಸ್ಸಿ. ಓದಿದವಳು, ಬಫರ್ ತಯಾರಿಕೆ, ಟೈಟ್ರೇಶನ್, ಕಲರಿಮೀಟರ್ ವಿಷಯದಲ್ಲಿ ಎಂ.ಎಸ್ಸಿ.ಗೆ ಬಂದಾಗ ನಗರದ ಕಾಲೇಜಿನ ಸಹಪಾಠಿಗಳಿಗಿಂತ ನನ್ನ ಕೈ ಪಳಗಿತ್ತು. ಆದರೆ ಪ್ರಶ್ನೆ ಕೇಳಿದವರು ಸಂಶೋಧನೆ ಎಂದಿದ್ದಾರೆ. ಇಂದು ಜೀವವಿಜ್ಞಾನದ ಯಾವ ಸಂಶೋಧನಾ ಪ್ರಯೋಗಾಲಯಕ್ಕೆ ಹೋದರೂ ಮೊದಲ ವಾರದಲ್ಲಿಯೇ ಕೈಗೆ ಮೈಕ್ರೋಪಿಪೆಟ್ ಬರುತ್ತದೆ, ಎರಡು ಮೈಕ್ರೋಲೀಟರ್ ಡಿಎನ್‌ಎಯನ್ನು ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ಲಿನ ಗುಳಿಯಲ್ಲಿ ಚೆಲ್ಲದೆ ಇಳಿಸಬೇಕಾಗುತ್ತದೆ. ಇದನ್ನು ಓದಿ ಕಲಿಯಲಾಗುವುದಿಲ್ಲ.

ಪಿಸಿಆರ್ ಅನ್ನೇ ತೆಗೆದುಕೊಳ್ಳಿ. ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿ, 1993ರಲ್ಲಿ ನೊಬೆಲ್ ಪಡೆದ ವಿಧಾನವಿದು. 94–95 ಡಿಗ್ರಿಯಲ್ಲಿ ಎರಡು ಎಳೆಗಳು ಬೇರ್ಪಡುತ್ತವೆ, 50ರಿಂದ 65ರ ನಡುವೆ ಪ್ರೈಮರ್ ಎಂಬ ಡಿಎನ್‌ಎಯ ಚಿಕ್ಕ ತುಣುಕು ಅಂಟುತ್ತದೆ, 72ರಲ್ಲಿ ಟ್ಯಾಕ್ ಪಾಲಿಮರೇಸ್ ಕಿಣ್ವ ಹೊಸ ಎಳೆಯನ್ನು ಬೆಳೆಸುತ್ತದೆ. 30 ಸುತ್ತುಗಳಾದರೆ ಲೆಕ್ಕದ ಪ್ರಕಾರ ಒಂದು ಅಣುವಿನಿಂದ 107 ಕೋಟಿ ಪ್ರತಿಗಳು. ಬೋರ್ಡಿನ ಮೇಲೆ ಇದು ಹತ್ತು ನಿಮಿಷದ ಪಾಠ. ನಿಜವಾದ ಕಲಿಕೆ ಇರುವುದು ಜೆಲ್ಲಿನಲ್ಲಿ ಪಟ್ಟಿ ಕಾಣಿಸದಿದ್ದಾಗ: ಪ್ರೈಮರ್ ಅಂಟಲಿಲ್ಲವೇ, ಮೆಗ್ನೀಶಿಯಂ ಕಡಿಮೆಯಾಯಿತೇ, ಡಿಎನ್‌ಎಯಲ್ಲಿ ಮದ್ಯಸಾರ ಉಳಿದಿತ್ತೇ? ಡಿಎನ್‌ಎ ಹಾಕದ ಪ್ರನಾಳದಲ್ಲಿಯೂ ಪಟ್ಟಿ ಬಂದರೆ ಅದು ಇನ್ನೂ ದೊಡ್ಡ ಪಾಠ. ಬಟ್ಟೆ ಹೊದ್ದ ಯಂತ್ರ ಇದನ್ನು ಕಲಿಸುವುದಿಲ್ಲ ಎಂಬುದನ್ನು ನೇರವಾಗಿಯೇ ಹೇಳುತ್ತೇನೆ.

ಹಾಗೆಂದ ಮಾತ್ರಕ್ಕೆ ಮೂರು ವರ್ಷದ ಹಾಸ್ಟೆಲ್ ಖರ್ಚು ಮಾಡಬೇಕೆಂದು ನಾನು ಹೇಳುವುದಿಲ್ಲ, ಏಕೆಂದರೆ ದೊಡ್ಡ ಊರಿನ ಕಾಲೇಜುಗಳಲ್ಲಿಯೂ ಬಿ.ಎಸ್ಸಿ. ಮಕ್ಕಳಿಗೆ ಪಿಸಿಆರ್ ತೋರಿಸುವುದೇ ಹೆಚ್ಚು, ಮಾಡಿಸುವುದು ಕಡಿಮೆ. ಆ ಹಣದ ಒಂದು ಪಾಲನ್ನು ಬೇಸಿಗೆಗೆ ಎತ್ತಿಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನಡೆಸಿಕೊಂಡು ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಆಯ್ಕೆಯಾದವರು ಎರಡು ತಿಂಗಳು ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾರೆ. ಉಪನ್ಯಾಸಕರೂ ಅರ್ಜಿ ಹಾಕಬಹುದು ಎಂಬುದು ನಮ್ಮ ಕಡೆಯ ಕಾಲೇಜುಗಳಿಗೆ ಇನ್ನೂ ಹೆಚ್ಚು ಉಪಯುಕ್ತ. ಅರ್ಜಿಗೆ ಅಂಕಪಟ್ಟಿಯ ಜೊತೆ ಉಪನ್ಯಾಸಕರ ಶಿಫಾರಸು ಪತ್ರ, ಏಕೆ ಬರಬೇಕೆಂದಿದ್ದೀರಿ ಎಂಬುದರ ಬರಹ ಬೇಕಾಗುತ್ತವೆ. ಇಪ್ಪತ್ತು ಮಕ್ಕಳ ತರಗತಿಯಲ್ಲಿ ಉಪನ್ಯಾಸಕರು ವಿದ್ಯಾರ್ಥಿಯನ್ನು ಹೆಸರಿನಿಂದ ಬಲ್ಲವರಾಗಿರುತ್ತಾರೆ, ಆ ಪತ್ರಕ್ಕೆ ತೂಕವಿರುತ್ತದೆ. ಹತ್ತಿರದಲ್ಲಿಯೇ ಬೆಳಗಾವಿಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ಇದೆ, ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅಲ್ಪಾವಧಿಯ ಪ್ರಾಜೆಕ್ಟಿಗೆ ಅವಕಾಶವಿದೆಯೇ ಎಂದು ಅಲ್ಲಿನ ವಿಜ್ಞಾನಿಗಳಿಗೆ ಕಾಲೇಜಿನ ಪತ್ರದೊಂದಿಗೆ ಬರೆದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಬಾರಾಕಮಾನ್

ಪಿಪೆಟ್ ಅವರ ಮಾತಿಗೆ ನನ್ನ ತಕರಾರಿಲ್ಲ, ಒಂದು ಸೇರ್ಪಡೆಯಿದೆ. ಆಣ್ವಿಕ ಜೀವಶಾಸ್ತ್ರವೆಂದರೆ ಪಿಸಿಆರ್ ಯಂತ್ರ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಕುಡಗೋಲು ಕಣ ರಕ್ತಹೀನತೆಯ ಹಿಮೋಗ್ಲೋಬಿನ್ ಸಾಮಾನ್ಯ ಹಿಮೋಗ್ಲೋಬಿನ್ನಿಗಿಂತ ಒಂದೇ ಒಂದು ಅಮೈನೋ ಆಮ್ಲದಲ್ಲಿ ಬೇರೆಯಾಗಿದೆ ಎಂಬುದನ್ನು 1950ರ ದಶಕದಲ್ಲಿ ವರ್ನನ್ ಇಂಗ್ರಾಮ್ ತೋರಿಸಿದ್ದು ಹೇಗೆ? ಪ್ರೋಟೀನನ್ನು ಟ್ರಿಪ್ಸಿನ್ನಿನಿಂದ ತುಂಡರಿಸಿ, ಕಾಗದದ ಮೇಲೆ ಒಂದು ದಿಕ್ಕಿನಲ್ಲಿ ವಿದ್ಯುತ್ತಿನಿಂದ, ಇನ್ನೊಂದು ದಿಕ್ಕಿನಲ್ಲಿ ಕ್ರೊಮ್ಯಾಟೋಗ್ರಫಿಯಿಂದ ಹರಡಿ, ನಿನ್‌ಹೈಡ್ರಿನ್ ಸಿಂಪಡಿಸಿ ಚುಕ್ಕೆಗಳನ್ನು ನೋಡಿದರು. ನಮ್ಮ ಮಕ್ಕಳು ನಾಲ್ಕು ಅಮೈನೋ ಆಮ್ಲಗಳನ್ನು ಬ್ಯುಟನಾಲ್, ಅಸಿಟಿಕ್ ಆಮ್ಲ, ನೀರಿನ ಮಿಶ್ರಣದಲ್ಲಿ ಓಡಿಸಿ ಆರ್‌ಎಫ್ ಬೆಲೆ (ಚುಕ್ಕೆ ಸಾಗಿದ ದೂರವನ್ನು ದ್ರಾವಕ ಸಾಗಿದ ದೂರದಿಂದ ಭಾಗಿಸಿದ್ದು) ಬರೆಯುತ್ತಾರಲ್ಲ, ಅದೇ ಕಾಗದ, ಅದೇ ನೇರಳೆ ಬಣ್ಣ. ಪ್ರಯೋಗವನ್ನು ಈ ಕಥೆಯೊಂದಿಗೆ ಸೇರಿಸಿ ಕಲಿಸಿದರೆ ಎರಡು ವಿಷಯಗಳ ನಡುವಿನ ಗೋಡೆ ತಾನೇ ಬೀಳುತ್ತದೆ.

ಡಿಎನ್‌ಎ ಪ್ರತ್ಯೇಕಿಸುವುದರ ಬಗ್ಗೆಯೂ ಹೇಳಬೇಕು. ಉಳ್ಳಾಗಡ್ಡಿಯನ್ನೋ ಬಾಳೆಹಣ್ಣನ್ನೋ ಅರೆದು, ಪಾತ್ರೆ ತೊಳೆಯುವ ದ್ರವ ಮತ್ತು ಉಪ್ಪು ಹಾಕಿ, ಸೋಸಿ, ತಣ್ಣನೆಯ ಮದ್ಯಸಾರವನ್ನು ಮೇಲೆ ಇಳಿಬಿಟ್ಟರೆ ಬಿಳಿ ಎಳೆಗಳು ಕಾಣುತ್ತವೆ. ಎಲ್ಲ ವಿಜ್ಞಾನ ಮೇಳಗಳಲ್ಲಿಯೂ ಇದನ್ನು ಮಾಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಎಳೆಗಳಲ್ಲಿ ಡಿಎನ್‌ಎ ಎಷ್ಟು, ಆರ್‌ಎನ್‌ಎ ಮತ್ತು ಪ್ರೋಟೀನ್ ಎಷ್ಟು ಎಂದು ಕೇಳುವವರಿಲ್ಲ. 260 ಮತ್ತು 280 ನ್ಯಾನೋಮೀಟರಿನಲ್ಲಿ ಅಳೆಯಲು ಯುವಿ ಸ್ಪೆಕ್ಟ್ರೋಫೋಟೋಮೀಟರ್ ಇಲ್ಲದಿದ್ದರೂ, ಡೈಫಿನೈಲಮೈನ್ ಕಾರಕವು ಡಿಎನ್‌ಎಯ ಡಿಆಕ್ಸಿರೈಬೋಸ್ ಜೊತೆ ನೀಲಿ ಬಣ್ಣ ಕೊಡುತ್ತದೆ, ಆರ್ಸಿನಾಲ್ ಕಾರಕವು ಆರ್‌ಎನ್‌ಎ ಜೊತೆ ಹಸಿರು ಬಣ್ಣ ಕೊಡುತ್ತದೆ. ಎರಡನ್ನೂ ಅದೇ ಹಳೆಯ ಕಲರಿಮೀಟರಿನಲ್ಲಿ ಓದಬಹುದು. ಒಮ್ಮೆ ಅಳೆದವರು ಆ ಬಿಳಿ ಎಳೆಗಳನ್ನು ‘ಶುದ್ಧ ಡಿಎನ್‌ಎ’ ಎಂದು ಕರೆಯುವುದನ್ನು ಬಿಡುತ್ತಾರೆ.

ಮಲಪ್ರಭಾ (ಬೆಳಗಾವಿ ಜಿಲ್ಲೆ, ಉಪನ್ಯಾಸಕಿ)

ಈಗ ಕಲಿಸುತ್ತಿರುವವಳಾಗಿ ಕೆಲವು ಮಾತುಗಳು. ಸಣ್ಣ ಕಾಲೇಜುಗಳ ನಿಜವಾದ ಸಮಸ್ಯೆ ಯಂತ್ರದ್ದಲ್ಲ. ಪಾಠ ಮಾಡುವವರು ಅತಿಥಿ ಉಪನ್ಯಾಸಕರಾಗಿದ್ದು ಸೆಮಿಸ್ಟರಿನ ಮಧ್ಯದಲ್ಲಿ ಬದಲಾಗುವುದು, ಲ್ಯಾಬ್ ಸಹಾಯಕರ ಹುದ್ದೆ ಖಾಲಿ ಇರುವುದು, ಕೊನೆಯ ಬಸ್ಸು ತಪ್ಪುತ್ತದೆಂದು ಮಧ್ಯಾಹ್ನದ ಪ್ರಾಯೋಗಿಕ ತರಗತಿಯಿಂದ ಹೆಣ್ಣುಮಕ್ಕಳು ಅರ್ಧಕ್ಕೇ ಏಳಬೇಕಾಗುವುದು, ಇವು ದೊಡ್ಡ ತೊಡಕುಗಳು. ಸೇರುವ ಮುನ್ನ ಪ್ರಾಯೋಗಿಕ ತರಗತಿ ಬೆಳಿಗ್ಗೆಯೋ ಮಧ್ಯಾಹ್ನವೋ ಎಂದು ಕೇಳಿಕೊಳ್ಳಿರಿ. ಕೇಳಲು ಸಣ್ಣ ಪ್ರಶ್ನೆ, ಮೂರು ವರ್ಷದ ಕಲಿಕೆ ಅದರ ಮೇಲೆ ನಿಂತಿರುತ್ತದೆ.

ಇನ್ನು ನಮ್ಮ ಕಡೆಯ ಬಿಸಿಲು. ಪಠ್ಯದ ಪ್ರಯೋಗಗಳೆಲ್ಲ 25 ಡಿಗ್ರಿಯ ಕೋಣೆಯನ್ನು ಊಹಿಸಿ ಬರೆದವು. ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಮಧ್ಯಾಹ್ನಗಳಲ್ಲಿ 40 ಡಿಗ್ರಿ ಸಾಮಾನ್ಯ. ಅಮೈಲೇಸ್ ಕಿಣ್ವದ ಮೇಲೆ ಉಷ್ಣತೆಯ ಪರಿಣಾಮ ನೋಡುವ ಪ್ರಯೋಗದಲ್ಲಿ ‘ಕೋಣೆಯ ಉಷ್ಣತೆ’ ಮತ್ತು ‘37 ಡಿಗ್ರಿ’ ಎಂಬ ಎರಡು ಪ್ರನಾಳಗಳು ಆ ದಿನ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತವೆ. ಟ್ರಿಸ್ ಬಫರಿನ ಪಿಎಚ್ ಒಂದು ಡಿಗ್ರಿಗೆ ಸುಮಾರು 0.03ರಂತೆ ಇಳಿಯುತ್ತದೆ, 25 ಡಿಗ್ರಿಯಲ್ಲಿ 8.0ಕ್ಕೆ ಹೊಂದಿಸಿದ್ದು 40 ಡಿಗ್ರಿಯಲ್ಲಿ 7.6ರ ಹತ್ತಿರ ಬಂದಿರುತ್ತದೆ. ಅಗರೋಸ್ ಜೆಲ್ ಹೆಪ್ಪುಗಟ್ಟುವುದೇ ಸುಮಾರು 36 ಡಿಗ್ರಿಗೆ, ಆದ್ದರಿಂದ ಬೇಸಿಗೆಯ ಮಧ್ಯಾಹ್ನ ಸುರಿದ ಜೆಲ್ ಎಷ್ಟು ಹೊತ್ತಾದರೂ ಗಟ್ಟಿಯಾಗದೆ ಗುಳಿಗಳು ಕುಸಿಯುತ್ತವೆ. ನಾವು ಜೆಲ್ಲನ್ನು ಬೆಳಿಗ್ಗೆಯೇ ಸುರಿದು ಫ್ರಿಜ್ಜಿನಲ್ಲಿ ಇಡುತ್ತೇವೆ. ಇಂಥ ಅಡಚಣೆಗಳನ್ನು ವಿದ್ಯಾರ್ಥಿಗಳ ಮುಂದೆ ಮುಚ್ಚಿಡದೆ ಅವರಿಂದಲೇ ಕಾರಣ ಹುಡುಕಿಸುವುದು ನನ್ನ ರೂಢಿ. ಹವಾನಿಯಂತ್ರಿತ ಲ್ಯಾಬಿನಲ್ಲಿ ಓದಿದವರಿಗೆ ಟ್ರಿಸ್ ಬಫರಿನ ಈ ಗುಣ ಗೊತ್ತಾಗುವ ಸಂದರ್ಭವೇ ಬರುವುದಿಲ್ಲ.

ಜೆಲ್ಲಿನಲ್ಲಿ ಡಿಎನ್‌ಎ ಪಟ್ಟಿ ಕಾಣಿಸಲು ಬಳಸುವ ಎಥಿಡಿಯಂ ಬ್ರೋಮೈಡ್ ಬಣ್ಣವನ್ನು ನಾನು ಪದವಿ ತರಗತಿಗೆ ತರುವುದಿಲ್ಲ. ಅದು ಡಿಎನ್‌ಎಯಲ್ಲಿ ಉತ್ಪರಿವರ್ತನೆ ಉಂಟುಮಾಡಬಲ್ಲ ವಸ್ತು; ಅದನ್ನು ಸರಿಯಾಗಿ ವಿಲೇವಾರಿ ಮಾಡುವ ಏರ್ಪಾಡು ಸಣ್ಣ ಕಾಲೇಜಿನಲ್ಲಿ ಇರುವುದಿಲ್ಲ, ತೊಟ್ಟಿಗೆ ಸುರಿದರೆ ಅದು ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಮೆಥಿಲೀನ್ ಬ್ಲೂ ಬಳಸಿದರೆ ಸಂವೇದನೆ ಕಡಿಮೆ, ಹೆಚ್ಚು ಡಿಎನ್‌ಎ ಬೇಕಾಗುತ್ತದೆ, ಆದರೆ ಪಟ್ಟಿಗಳು ಸಾಮಾನ್ಯ ಬೆಳಕಿನಲ್ಲಿಯೇ ಕಾಣುತ್ತವೆ, ಯುವಿ ಪೆಟ್ಟಿಗೆಯೂ ಬೇಡ.

ಅನುದಾನದ ಬಗ್ಗೆ ಒಂದು ಮಾತು: ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2008ರಲ್ಲಿ ಆರಂಭಿಸಿದ ಸ್ಟಾರ್ ಕಾಲೇಜ್ ಯೋಜನೆ ಪದವಿ ಕಾಲೇಜುಗಳ ಪ್ರಯೋಗಾಲಯಗಳಿಗೆಂದೇ ಇರುವಂಥದ್ದು. ನೀವು ಭೇಟಿ ಕೊಡುವ ಕಾಲೇಜು ಇಂಥದ್ದಕ್ಕೆ ಅರ್ಜಿ ಹಾಕಿದೆಯೇ ಎಂದು ಕೇಳಿದರೆ ಆಡಳಿತದ ಆಸಕ್ತಿ ಎಷ್ಟೆಂದು ತಿಳಿಯುತ್ತದೆ.

ಇಳಕಲ್ ದಡಿ (ಬಿ.ಎಸ್ಸಿ. ಮೂರನೆಯ ಸೆಮಿಸ್ಟರ್)

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ರಾಯೋಗಿಕ ತರಗತಿಗಳು ಚೆನ್ನಾಗಿ ನಡೆಯುತ್ತಿವೆ. ನನ್ನ ತೊಂದರೆ ಚಯಾಪಚಯದ ಪಾಠಗಳಲ್ಲಿದೆ. ಗ್ಲೂಕೋಸ್ ಒಡೆಯುವ ಗ್ಲೈಕಾಲಿಸಿಸ್‌ನ ಹತ್ತು ಹಂತಗಳು, ಕ್ರೆಬ್ಸ್ ಚಕ್ರ, ಕೊಬ್ಬಿನ ಆಮ್ಲಗಳ ವಿಘಟನೆ, ಎಲ್ಲವನ್ನೂ ಬಾಯಿಪಾಠ ಮಾಡುತ್ತೇನೆ, ಪರೀಕ್ಷೆ ಮುಗಿದ ಮೇಲೆ ಒಂದೂ ಉಳಿಯುವುದಿಲ್ಲ. ನಮ್ಮ ಕಾಲೇಜಿನಲ್ಲಿ ಟ್ಯೂಷನ್ ಹೇಳುವವರೂ ಇಲ್ಲ. ಹಿರಿಯರು ಹೇಗೆ ಓದಿದಿರಿ?

ಪಿಪೆಟ್

ತಂಗೀ, ಹೆಸರುಗಳನ್ನು ಕೊನೆಗೆ ಇಟ್ಟುಕೊಂಡು ಮೊದಲು ಇಂಗಾಲಗಳನ್ನು ಎಣಿಸುತ್ತ ಹೋಗು. ಆರು ಇಂಗಾಲದ ಗ್ಲೂಕೋಸ್ ಎಲ್ಲಿ ಮೂರು–ಮೂರಾಗಿ ಒಡೆಯಿತು, ಅದಕ್ಕಿಂತ ಮೊದಲು ಎರಡು ಎಟಿಪಿ ಏಕೆ ಖರ್ಚಾದವು, ಆಮೇಲೆ ನಾಲ್ಕು ಎಲ್ಲಿಂದ ಬಂದವು, ಎಲೆಕ್ಟ್ರಾನುಗಳನ್ನು ಯಾವ ಹಂತದಲ್ಲಿ ಎನ್‌ಎಡಿ ಎತ್ತಿಕೊಂಡಿತು, ಇಷ್ಟನ್ನು ಖಾಲಿ ಹಾಳೆಯ ಮೇಲೆ ಪುಸ್ತಕ ನೋಡದೆ ಬರೆಯಲು ಬಂದರೆ ಕಿಣ್ವಗಳ ಹೆಸರು ಆ ಕೆಲಸದಿಂದಲೇ ನೆನಪಾಗುತ್ತವೆ. ಫಾಸ್ಫೇಟ್ ಅಂಟಿಸುವುದು ಕೈನೇಸ್, ರೂಪ ಬದಲಿಸುವುದು ಐಸೊಮರೇಸ್, ಹೀಗೆ.

ಎರಡನೆಯದಾಗಿ, ಪ್ರತಿ ಹಂತವನ್ನೂ ‘ಇದು ನಿಂತರೆ ಏನಾಗುತ್ತದೆ?’ ಎಂದು ಕೇಳಿಕೋ. ಇಳಕಲ್ಲಿನ ಯಾವ ರಕ್ತ ಪರೀಕ್ಷಾ ಕೇಂದ್ರಕ್ಕೆ ಹೋದರೂ ಸಕ್ಕರೆ ಪರೀಕ್ಷೆಯ ರಕ್ತವನ್ನು ಬೂದು ಮುಚ್ಚಳದ ಟ್ಯೂಬಿನಲ್ಲಿ ತೆಗೆದುಕೊಳ್ಳುವುದನ್ನು ನೋಡಬಹುದು. ಅದರಲ್ಲಿರುವುದು ಸೋಡಿಯಂ ಫ್ಲೋರೈಡ್. ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ. ಫ್ಲೋರೈಡ್ ಗ್ಲೈಕಾಲಿಸಿಸ್‌ನ ಒಂಬತ್ತನೆಯ ಹಂತದ ಇನೋಲೇಸ್ ಕಿಣ್ವವನ್ನು ತಡೆಯುವುದರಿಂದ ಸ್ವಲ್ಪ ಹೊತ್ತಿನಲ್ಲಿ ಆ ಬಳಕೆ ನಿಲ್ಲುತ್ತದೆ. ಒಂಬತ್ತನೆಯ ಹಂತ ನಿಂತರೆ ಮೊದಲ ಹಂತ ತಕ್ಷಣವೇ ಏಕೆ ನಿಲ್ಲುವುದಿಲ್ಲ ಎಂದು ಯೋಚಿಸಿ ನೋಡು. ಅದಕ್ಕೆ ಉತ್ತರ ಸಿಕ್ಕರೆ ನಿನಗೆ ಗ್ಲೈಕಾಲಿಸಿಸ್ ಬಂದಂತೆ.

ಆಣ್ವಿಕ ಜೀವಶಾಸ್ತ್ರಕ್ಕೆ ಮೊಬೈಲ್ ಅಥವಾ ಕಾಲೇಜಿನ ಕಂಪ್ಯೂಟರ್ ಬಳಸು. ಅಮೆರಿಕದ ಎನ್‌ಸಿಬಿಐ ದತ್ತಸಂಗ್ರಹ, 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್, ಎರಡೂ ಉಚಿತ. ಮನುಷ್ಯನ ಬೀಟಾ ಗ್ಲೋಬಿನ್ ಜೀನಿನ ಕೋಡಿಂಗ್ ಭಾಗವನ್ನು ತೆಗೆದು, ಕೋಡಾನ್ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಕೈಯಿಂದಲೇ ಅನುವಾದಿಸು. ಮೊದಲ ಮಿಥಿಯೋನಿನ್ ಬಿಟ್ಟು ಎಣಿಸಿದರೆ ಆರನೆಯದು ಜಿಎಜಿ, ಅಂದರೆ ಗ್ಲುಟಾಮಿಕ್ ಆಮ್ಲ. ನಡುವಿನ ಎ ಬದಲು ಟಿ ಆದರೆ ವ್ಯಾಲಿನ್, ಬಾರಾಕಮಾನ್ ಸರ್ ಹೇಳಿದ ಇಂಗ್ರಾಮ್ ಅವರ ಚುಕ್ಕೆ ಅದೇ. ನಂತರ ಬ್ಲಾಸ್ಟ್ ಎಂಬ ಅನುಕ್ರಮ ಹೋಲಿಸುವ ತಂತ್ರಾಂಶಕ್ಕೆ ಹಾಕಿ ಆಕಳು, ಕೋಳಿಗಳ ಗ್ಲೋಬಿನ್ ಜೊತೆ ಹೋಲಿಸು. ಇದಕ್ಕೆ ಯಾವ ರಾಸಾಯನಿಕವೂ ಬೇಡ, ಸಂದರ್ಶನಗಳಲ್ಲಿ ಇದರ ಬಗ್ಗೆ ಗಟ್ಟಿಯಾಗಿ ಮಾತಾಡಬಹುದು.

ಸಕ್ಕರೆ ಸೀಮೆ (ಗೋಕಾಕ ತಾಲೂಕು, ಕಾರ್ಖಾನೆಯ ಪ್ರಯೋಗಾಲಯ)

ಎಲ್ಲರೂ ಸಂಶೋಧನೆಯ ಬಗ್ಗೆ ಹೇಳಿದ್ದೀರಿ, ನಾನು ಉದ್ಯೋಗದ ಬಗ್ಗೆ ಹೇಳುತ್ತೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರು ಜಿಲ್ಲೆಗಳಲ್ಲಿಯೂ ಸಕ್ಕರೆ ಕಾರ್ಖಾನೆಗಳಿವೆ, ಹಲವಕ್ಕೆ ಡಿಸ್ಟಿಲರಿ ಮತ್ತು ಎಥೆನಾಲ್ ಘಟಕಗಳು ಅಂಟಿಕೊಂಡಿವೆ. ನಮ್ಮ ಪ್ರಯೋಗಾಲಯದಲ್ಲಿ ದಿನವಿಡೀ ಅಳೆಯುವುದು ರಸದ ಬ್ರಿಕ್ಸ್ (ಕರಗಿದ ಘನಾಂಶ) ಮತ್ತು ಪೋಲ್ (ಸುಕ್ರೋಸಿನ ಅಂದಾಜು ಪ್ರಮಾಣ). ಪೋಲ್ ಅಳೆಯುವುದು ಮೇಲೆ ಹೇಳಿದ ಪೋಲಾರಿಮೀಟರಿನ ತತ್ವದಿಂದಲೇ. ಕಬ್ಬು ಕಡಿದು ಟ್ರ್ಯಾಕ್ಟರಿನಲ್ಲಿ ಸಾಲು ನಿಂತಷ್ಟು ಹೊತ್ತು ಸಕ್ಕರೆ ಇಳಿಯುತ್ತ ಹೋಗುತ್ತದೆಂದು ಪ್ರತಿಯೊಬ್ಬ ರೈತನಿಗೂ ಗೊತ್ತು. ಅದರ ಕಾರಣ ಕಬ್ಬಿನೊಳಗಿನ ಇನ್ವರ್ಟೇಸ್ ಮತ್ತು ಕಡಿದ ತುದಿಗಳಿಂದ ಒಳಸೇರುವ ಲ್ಯುಕೊನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಈ ಬ್ಯಾಕ್ಟೀರಿಯಾ ಸುಕ್ರೋಸಿನಿಂದ ಡೆಕ್ಸ್‌ಟ್ರಾನ್ ಎಂಬ ಅಂಟುಪದಾರ್ಥವನ್ನು ಕಟ್ಟುತ್ತದೆ. ಡೆಕ್ಸ್‌ಟ್ರಾನ್ ಹೆಚ್ಚಾದರೆ ರಸ ಜಿಗುಟಾಗಿ ಸೋಸುವುದು ಕಷ್ಟ, ಹರಳು ಕಟ್ಟುವುದು ನಿಧಾನ, ಅದೂ ಬೆಳಕನ್ನು ಬಲಕ್ಕೇ ತಿರುಗಿಸುವುದರಿಂದ ಪೋಲ್ ಅಂಕಿಯೂ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. ಬಯೊಕೆಮಿಸ್ಟ್ರಿ ಓದಿದವರಿಗೆ ಈ ಕೊನೆಯ ಮಾತು ಕೂಡಲೇ ಅರ್ಥವಾಗುತ್ತದೆ, ಬರೀ ಅಂಕಿ ಬರೆಯುವುದನ್ನು ಕಲಿತವರಿಗೆ ಹೇಳಿಕೊಡಬೇಕಾಗುತ್ತದೆ.

ಆದರೆ ಇನ್ನೊಂದು ಮುಖವನ್ನೂ ತಿಳಿದಿರಬೇಕು. ಪ್ರಯೋಗಾಲಯದ ಅನೇಕ ಹುದ್ದೆಗಳು ಕಬ್ಬು ನುರಿಸುವ ಹಂಗಾಮಿಗಷ್ಟೇ ಸೀಮಿತ, ಉಳಿದ ತಿಂಗಳು ಪೂರ್ಣ ಸಂಬಳವಿರುವುದಿಲ್ಲ. ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ರಸಾಯನಶಾಸ್ತ್ರವಿರುವ ಬಿ.ಎಸ್ಸಿ. ಕೇಳುತ್ತಾರೆ. ಆದ್ದರಿಂದ ನಿಮ್ಮ ತಂಗಿ ಬಯೊಕೆಮಿಸ್ಟ್ರಿಯ ಜೊತೆ ರಸಾಯನಶಾಸ್ತ್ರವನ್ನು ಬಿಡದಿರಲಿ. ಈ ಉದ್ಯಮದಲ್ಲಿಯೇ ಮೇಲೇರಬೇಕೆಂದಿದ್ದರೆ ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಹಾಲು ಒಕ್ಕೂಟಗಳ ಗುಣಮಟ್ಟ ವಿಭಾಗ ಇನ್ನೊಂದು ದಾರಿ. ಆಸ್ಪತ್ರೆಯ ಲ್ಯಾಬ್ ಬೇಕೆಂದವರಿಗೆ ಬಿ.ಎಸ್ಸಿ. ಬಯೊಕೆಮಿಸ್ಟ್ರಿಗಿಂತ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಕೋರ್ಸ್ ನೇರವಾದದ್ದು. ಇದನ್ನು ಮೂರು ವರ್ಷವಾದ ಮೇಲೆ ತಿಳಿದು ಬೇಸರಪಡುವವರು ಬಹಳ ಜನ.

ಬಾರಾಕಮಾನ್

ರಸಾಯನಶಾಸ್ತ್ರ ಬಿಡಬಾರದೆಂಬ ಮಾತಿಗೆ ನನ್ನ ಪೂರ್ಣ ಸಮ್ಮತಿ. 2021–22ರಲ್ಲಿ ಜಾರಿಗೆ ಬಂದಿದ್ದ ರಾಷ್ಟ್ರೀಯ ಶಿಕ್ಷಣ ನೀತಿಯ ಪದ್ಧತಿಯನ್ನು ಕೈಬಿಟ್ಟು 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿರುವುದರಿಂದ, ಹಳೆಯ ವಿದ್ಯಾರ್ಥಿಗಳು ಹೇಳುವ ವಿಷಯ ಸಂಯೋಜನೆ ಈಗಿನದಕ್ಕೆ ಹೊಂದದಿರಬಹುದು. ಎಂ.ಎಸ್ಸಿ.ಗೆ ಹೋಗಬೇಕೆಂದಿರುವ ವಿಶ್ವವಿದ್ಯಾಲಯಗಳ ಪ್ರವೇಶ ಅರ್ಹತೆಯ ಪುಟವನ್ನು ಬಿ.ಎಸ್ಸಿ. ಸೇರುವ ಮೊದಲೇ ಓದಿಟ್ಟುಕೊಳ್ಳುವುದು ಕ್ಷೇಮ. ಐಐಟಿ, ಐಐಎಸ್‌ಸಿಗಳತ್ತ ಕಣ್ಣಿದ್ದರೆ ಜಾಮ್ ಪರೀಕ್ಷೆಯಿದೆ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಇದೆ. ಜಾಮ್‌ನ ಬಯೊಟೆಕ್ನಾಲಜಿ ಪತ್ರಿಕೆಯಲ್ಲಿ ಜೀವಶಾಸ್ತ್ರದ ಜೊತೆಗೆ ರಸಾಯನಶಾಸ್ತ್ರ, ಗಣಿತ, ಭೌತಶಾಸ್ತ್ರಗಳೂ ಬರುತ್ತವೆ. ಪಿಯುಸಿ ಗಣಿತವನ್ನು ಮರೆತವರು ಅಲ್ಲಿ ಎಡವುತ್ತಾರೆ.

ಘಟಪ್ರಭಾ ದಂಡೆ

ಎಲ್ಲರಿಗೂ ಧನ್ಯವಾದಗಳು. ತಂಗಿಯನ್ನು ಕರೆದುಕೊಂಡು ಆ ಕಾಲೇಜಿಗೆ ಮತ್ತೆ ಹೋಗಿದ್ದೆ. ಪ್ರಾಯೋಗಿಕ ತರಗತಿಗಳು ಬೆಳಿಗ್ಗೆ ಇವೆ. ರೆಕಾರ್ಡ್ ಪುಸ್ತಕಗಳನ್ನು ಮೇಡಂ ತಾವಾಗಿಯೇ ತೆಗೆದು ತೋರಿಸಿದರು, ಅಂಕಿಗಳು ಒಬ್ಬರದು ಒಬ್ಬರಿಗೆ ಹೊಂದುವುದಿಲ್ಲ, ಒಬ್ಬ ಹುಡುಗಿಯ ಗ್ರಾಫಿನ ಕೆಳಗೆ ‘ಮತ್ತೊಮ್ಮೆ ಮಾಡು’ ಎಂದು ಬರೆದಿದ್ದಾರೆ. ರಸಾಯನಶಾಸ್ತ್ರವೂ ಜೊತೆಗಿದೆ. ಅಲ್ಲಿಯೇ ಸೇರಿಸಲು ನಿರ್ಧರಿಸಿದ್ದೇವೆ. ಪಿಸಿಆರ್ ಯಂತ್ರ ಕೆಟ್ಟಿಲ್ಲವಂತೆ. ಕರೆಂಟ್ ಹೋಗಿ ಬಂದು ರಾಸಾಯನಿಕಗಳು ಫ್ರಿಜ್ಜಿನಲ್ಲಿಯೇ ಹಾಳಾದ ಮೇಲೆ ಮತ್ತೆ ತರಿಸುವುದನ್ನು ಬಿಟ್ಟರಂತೆ. ಇದಕ್ಕೆ ಏನಾದರೂ ಉಪಾಯವಿದ್ದರೆ ಮೇಡಂ ಅವರಿಗೆ ತಿಳಿಸುತ್ತೇನೆ.

ಮಲಪ್ರಭಾ

ಉಪಾಯವಿದೆ. ಪಿಸಿಆರ್ ಸಾಮಗ್ರಿಯನ್ನು ವರ್ಷದ ಆರಂಭದಲ್ಲಿ ತರಿಸಿ ಇಡಬಾರದು, ಪ್ರಯೋಗದ ದಿನಾಂಕ ಗೊತ್ತುಮಾಡಿ ಅದರ ಹಿಂದಿನ ವಾರ ಬರುವಂತೆ ತರಿಸಬೇಕು. ಟ್ಯಾಕ್ ಕಿಣ್ವವನ್ನು ಗ್ಲಿಸರಾಲ್‌ನಲ್ಲಿ ಕೊಡುವುದರಿಂದ ಅದು ಮೈನಸ್ 20ರಲ್ಲಿಯೂ ಹೆಪ್ಪುಗಟ್ಟುವುದಿಲ್ಲ, ಸ್ವಲ್ಪ ಹೊತ್ತಿನ ವಿದ್ಯುತ್ ಕಡಿತವನ್ನು ತಡೆದುಕೊಳ್ಳುತ್ತದೆ. ಮತ್ತೆ ಮತ್ತೆ ಕರಗಿ ಹೆಪ್ಪುಗಟ್ಟಿದರೆ ಕೆಡುವುದು ಮುಖ್ಯವಾಗಿ ಡಿಎನ್‌ಟಿಪಿಗಳು (ಹೊಸ ಡಿಎನ್‌ಎ ಎಳೆ ಕಟ್ಟುವ ಇಟ್ಟಿಗೆಗಳು). ಅವನ್ನೂ ಪ್ರೈಮರುಗಳನ್ನೂ ಬಂದ ದಿನವೇ ಒಂದು ತಂಡಕ್ಕೆ ಸಾಕಾಗುವಷ್ಟರಂತೆ ಸಣ್ಣ ಟ್ಯೂಬುಗಳಿಗೆ ಹಂಚಿಬಿಡಬೇಕು, ಒಂದನ್ನು ಒಮ್ಮೆ ಮಾತ್ರ ಕರಗಿಸಬೇಕು. ತಾನೇ ಮಂಜು ಕರಗಿಸಿಕೊಳ್ಳುವ ಫ್ರಾಸ್ಟ್‌ಫ್ರೀ ಫ್ರಿಜ್ಜುಗಳ ಫ್ರೀಜರ್ ಆಗಾಗ ಬಿಸಿಯಾಗುವುದರಿಂದ ಈ ಕೆಲಸಕ್ಕೆ ಬೇಡ, ಹಳೆಯ ಮಾದರಿಯದೇ ಮೇಲು. ಜೆಲ್ ಪ್ಯಾಕುಗಳನ್ನು ತುಂಬಿದ ಥರ್ಮೋಕೋಲ್ ಡಬ್ಬಿಯೊಳಗೆ ಟ್ಯೂಬುಗಳನ್ನಿಟ್ಟು ಆ ಡಬ್ಬಿಯನ್ನೇ ಫ್ರೀಜರಿನಲ್ಲಿ ಇಟ್ಟರೆ ಕರೆಂಟ್ ಹೋದಾಗ ಇನ್ನಷ್ಟು ಹೊತ್ತು ತಾಳುತ್ತದೆ. ಯಂತ್ರಕ್ಕೆ ಯುಪಿಎಸ್ ಬೇಕೇ ಬೇಕು, 30 ಸುತ್ತುಗಳ ನಡುವೆ ಕರೆಂಟ್ ಹೋದರೆ ಆ ದಿನದ ಕೆಲಸ ಮುಗಿದಂತೆ. ಅಕ್ಕಪಕ್ಕದ ಎರಡು ಮೂರು ಕಾಲೇಜುಗಳು ಕೂಡಿ ಒಂದೇ ಕಿಟ್ ತರಿಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ನಿಮ್ಮ ಮೇಡಂ ಒಪ್ಪಿದರೆ ನಾನು ಖಾಸಗಿ ಸಂದೇಶದಲ್ಲಿ ನಮ್ಮ ಪ್ರಯೋಗದ ಅಳತೆಗಳನ್ನು ಕಳುಹಿಸುತ್ತೇನೆ. ಮೊದಲ ಸಲಕ್ಕೆ ಮಾದರಿ ಡಿಎನ್‌ಎ ಮತ್ತು ಪ್ರೈಮರ್ ಎರಡೂ ಕಿಟ್ಟಿನದೇ ಇರಲಿ, ಉಳ್ಳಾಗಡ್ಡಿಯ ಡಿಎನ್‌ಎ ಎರಡನೆಯ ವರ್ಷಕ್ಕೆ ನೋಡಿಕೊಳ್ಳಬಹುದು.